ಸೂಸನ್ ಬಿ. ಆಂಥನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಲಾಮಗಿರಿಯ ವಿರುದ್ಧವೂ ಹೆಂಗಸರ ಮತದ ಹಕ್ಕಿನ ಪರವಾಗಿಯೂ ಅರ್ಧ ಶತಮಾನ ದುಡಿದ ಅಮೆರಿಕನ್ ಮಹಿಳೆ ಎಂಬಷ್ಟು ಪರಿಚಯ ಹಲವರಿಗೆ ಇರುತ್ತದೆ. ಆ ದುಡಿಮೆ ದಿನದಿನಕ್ಕೆ ಹೇಗೆ ನಡೆಯಿತು ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ. ಸಹಿ ಎಷ್ಟು ಸಿಕ್ಕಿತು, ಸಂಬಳ ಎಷ್ಟು ಬಂತು, ಸಾಲ ಎಷ್ಟು ಉಳಿಯಿತು, ಕೋರ್ಟಿನಲ್ಲಿ ದಾರಿ ತಪ್ಪಿದ್ದು ಎಲ್ಲಿ, ಇಂಥವು.

ಹುಟ್ಟಿದ್ದೆಲ್ಲಿ? ಹೆಸರಿನಲ್ಲಿರುವ ‘ಬಿ’ ಏನು?

1820ರ ಫೆಬ್ರುವರಿ 15ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಡಮ್ಸ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಹತ್ತಿಗಿರಣಿ ನಡೆಸುತ್ತಿದ್ದರು. ‘ಬಿ’ ಎಂದರೆ ಬ್ರೌನೆಲ್. ಸೂಸನ್ ಎಂಬ ಹೆಸರಿನ ಅತ್ತೆಯೊಬ್ಬರು ಮದುವೆಯಾಗಿ ಸೇರಿದ ಮನೆತನದ ಹೆಸರದು. ಅತ್ತೆಯ ಹೆಸರನ್ನೇ ಸೊಸೆಗೂ ಇಟ್ಟಿದ್ದರು, ನಡುವಿನ ಅಕ್ಷರವನ್ನು ಈಕೆ ತಾವೇ ಸೇರಿಸಿಕೊಂಡರು.

ಹೆಂಗಸರ ಹಕ್ಕಿನ ವಿಚಾರ ಅವರಿಗೆ ಹತ್ತಿದ್ದು ಹೇಗೆ?

ಪುಸ್ತಕದಿಂದಲ್ಲ, ಮನೆಯ ಆಸ್ತಿಪತ್ರದಿಂದ ಎನ್ನಬಹುದು. 1837ರ ಆರ್ಥಿಕ ಕುಸಿತದಲ್ಲಿ ತಂದೆ ದಿವಾಳಿಯಾದರು. ಆಗಿನ ಕಾನೂನಿನಂತೆ ಹೆಂಡತಿಯ ಸ್ವತ್ತೂ ಗಂಡನದೇ. ಹಾಗಾಗಿ ತಾಯಿ ಲೂಸಿಗೆ ತವರಿನಿಂದ ಬಂದ ಸಾಮಾನೂ ಹರಾಜಿನ ಪಟ್ಟಿಗೆ ಬಿತ್ತು. ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಜೋಶುವಾ ರೀಡ್ ಬೇಕಾದವನ್ನು ಹರಾಜಿನಲ್ಲಿ ಕೂಗಿ ಕೊಂಡು ವಾಪಸು ಕೊಟ್ಟರು. 1845ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿ ತಾಯಿಯ ಪಿತ್ರಾರ್ಜಿತ ಹಣದಿಂದ ಜಮೀನು ಕೊಂಡಾಗಲೂ ಅದನ್ನು ಅದೇ ಸೋದರಮಾವನ ಹೆಸರಿಗೆ ಬರೆಸಬೇಕಾಯಿತು. ತಾಯಿಯ ಹೆಸರಿಗೆ ಬರೆಸಿದ್ದರೆ ತಂದೆಗೆ ಸಾಲ ಕೊಟ್ಟವರು ಬಂದು ಹಿಡಿಯುತ್ತಿದ್ದರು. ಮದುವೆಯಾದ ಹೆಣ್ಣು ಆಸ್ತಿ ಇಟ್ಟುಕೊಳ್ಳಬಹುದು ಎಂದು ನ್ಯೂಯಾರ್ಕ್ 1848ರಲ್ಲಿ ಕಾಯಿದೆ ಮಾಡಿದ ಮೇಲಷ್ಟೇ ಅದು ಲೂಸಿಯ ಹೆಸರಿಗೆ ಬಂತು.

ಇನ್ನೊಂದು ಪಾಠ ಮೇಷ್ಟರಿಕೆಯಿಂದ ಬಂತು. ಸುಮಾರು ಹತ್ತು ವರ್ಷ ಶಾಲೆಗಳಲ್ಲಿ ಕಲಿಸಿದ ಆಂಥನಿ 1853ರಲ್ಲಿ ರಾಚೆಸ್ಟರಿನ ಶಿಕ್ಷಕರ ಸಮ್ಮೇಳನದಲ್ಲಿ ಮಾತಾಡಲು ಎದ್ದು ನಿಂತರು. ವಕೀಲ, ವೈದ್ಯ, ಪಾದ್ರಿಗಳಿಗೆ ಸಿಗುವ ಗೌರವ ಮೇಷ್ಟರಿಗೇಕಿಲ್ಲ ಎಂಬ ಚರ್ಚೆ ನಡೆದಿತ್ತು. ಹೆಂಗಸು ಮಾತಾಡಬಹುದೇ ಎಂದು ತೀರ್ಮಾನಿಸಲು ಗಂಡಸರಿಗೆ ಅರ್ಧ ಗಂಟೆ ಹಿಡಿಯಿತು, ಅಷ್ಟು ಹೊತ್ತೂ ಇವರು ನಿಂತೇ ಇದ್ದರು. ಆಮೇಲೆ ಹೇಳಿದ್ದರ ಸಾರ ಇಷ್ಟು: ವಕೀಲಿಕೆಗೆ, ವೈದ್ಯಕ್ಕೆ ಹೆಣ್ಣಿಗೆ ಬುದ್ಧಿ ಸಾಲದು, ಪಾಠ ಹೇಳಲು ಮಾತ್ರ ಸಾಕು ಎನ್ನುತ್ತೀರಿ. ಹಾಗಾದರೆ ಮೇಷ್ಟರಾಗುವ ಪ್ರತಿಯೊಬ್ಬ ಗಂಡಸೂ ತನಗೆ ಹೆಣ್ಣಿಗಿಂತ ಹೆಚ್ಚು ಬುದ್ಧಿ ಇಲ್ಲ ಎಂದು ಒಪ್ಪಿಕೊಂಡಂತಲ್ಲವೇ?

ಹೆಂಗಸರ ಹಕ್ಕಿಗಾಗಿ 1848ರಲ್ಲಿ ನಡೆದ ಸೆನೆಕಾ ಫಾಲ್ಸ್ ಸಮಾವೇಶ ಕರೆದವರು ಇವರೇ ಅಲ್ಲವೇ?

ಅಲ್ಲ, ಅಲ್ಲಿ ಅವರು ಇರಲೇ ಇಲ್ಲ. ಜುಲೈ 19 ಮತ್ತು 20ರ ಆ ಸಭೆಯ ಘೋಷಣೆಗೆ ಸಹಿ ಹಾಕಿದ ನೂರು ಜನರಲ್ಲಿ (68 ಹೆಂಗಸರು, 32 ಗಂಡಸರು) ಇವರ ಹೆಸರಿಲ್ಲ. ಆಗ ಇವರು ಕನಜೊಹರಿ ಎಂಬ ಊರಿನಲ್ಲಿ ಪಾಠ ಹೇಳುತ್ತಿದ್ದರು. ಎರಡು ವಾರದ ನಂತರ ರಾಚೆಸ್ಟರಿನಲ್ಲಿ ನಡೆದ ಮುಂದಿನ ಸಭೆಗೆ ಹೋದದ್ದು ಅವರ ತಂದೆ, ತಾಯಿ ಮತ್ತು ತಂಗಿ ಮೇರಿ. ಸೆನೆಕಾ ಫಾಲ್ಸ್ ಸಭೆಯ ಮುಂದಾಳು ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತು ಆಂಥನಿ ಭೇಟಿಯಾದದ್ದು 1851ರಲ್ಲಿ. ಈ ತಪ್ಪು ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ಹುಟ್ಟುತ್ತದೆ.

ಸ್ಟ್ಯಾಂಟನ್ ಮತ್ತು ಆಂಥನಿ ಕೆಲಸ ಹಂಚಿಕೊಂಡದ್ದು ಹೇಗೆ?

ಸ್ಟ್ಯಾಂಟನ್ ಬರೆಯುವವರು, ಆಂಥನಿ ತಿರುಗುವವರು. ಸ್ಟ್ಯಾಂಟನ್‌ಗೆ ಏಳು ಮಕ್ಕಳು, ಮನೆ ಬಿಟ್ಟು ಕದಲುವಂತಿರಲಿಲ್ಲ. ಮದುವೆಯಾಗದ ಆಂಥನಿ ಅಂಕಿಅಂಶ, ಕಾಯಿದೆಯ ಕಲಮುಗಳನ್ನು ಗಂಟುಕಟ್ಟಿಕೊಂಡು ಅವರ ಮನೆಗೆ ಬಂದು ಕೂರುತ್ತಿದ್ದರು. ಇವರು ಮಕ್ಕಳನ್ನು ಸಂಭಾಳಿಸುವಷ್ಟರಲ್ಲಿ ಅವರು ಭಾಷಣ ಬರೆದು ಮುಗಿಸಬೇಕು. ಆಂಥನಿಗೆ ಬರವಣಿಗೆ ಎಂದರೆ ಯಾವಾಗಲೂ ಸಂಕಟವೇ.

ಸಹಿ ಸಂಗ್ರಹವೇ ಅವರ ಮುಖ್ಯ ಅಸ್ತ್ರ ಎನ್ನುತ್ತಾರೆ. ಮತವೇ ಇಲ್ಲದವರ ಸಹಿಗೆ ಬೆಲೆ ಏನು?

ಮತ ಇಲ್ಲದವರಿಗೆ ಶಾಸನಸಭೆಯ ಬಾಗಿಲು ತಟ್ಟಲು ಇದ್ದ ಏಕೈಕ ಕಾನೂನುಬದ್ಧ ದಾರಿ ಅರ್ಜಿ. ನ್ಯೂಯಾರ್ಕಿನಲ್ಲಿ 1854ರಲ್ಲಿ ಸಲ್ಲಿಸಿದ ಮೊದಲ ದೊಡ್ಡ ಅರ್ಜಿಗೆ ಸುಮಾರು 10,000 ಸಹಿ ಇತ್ತು. ಶಾಸಕರು ನಕ್ಕು ಪಕ್ಕಕ್ಕಿಟ್ಟರು. ಆ ವರ್ಷದ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಆಂಥನಿ ಒಬ್ಬರೇ ಹೊರಟರು. ಮೈ ಕೊರೆಯುವ ಹಿಮದಲ್ಲಿ, ಹಿಮಗಾಡಿಯಲ್ಲಿ, ರಾಜ್ಯದ 60 ಕೌಂಟಿಗಳ ಪೈಕಿ 54ನ್ನು ಸುತ್ತಿದರು. (ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ.) ಮುಂಗಡವಾಗಿ ವಿಳಾಸ ಹುಡುಕಿ ಕಾಗದ ಬರೆಯುವುದು, ಭಿತ್ತಿಪತ್ರ ಹಚ್ಚಿಸುವುದು, ಸಭಾಂಗಣ ಗೊತ್ತುಮಾಡುವುದು, ಸಭೆಯಲ್ಲಿ ಕರಪತ್ರ ಮಾರುವುದು, ಸಹಿ ಹಾಕಿಸುವುದು ಎಲ್ಲವೂ ಒಬ್ಬರ ಮೇಲೇ. ಊರಿಗೆ ಮರಳಿದಾಗ ಲೆಕ್ಕ ಹೀಗಿತ್ತು: ಬಂದದ್ದು 2,367 ಡಾಲರ್, ಖರ್ಚು 2,291, ಉಳಿದದ್ದು 76.

1856ರಲ್ಲಿ ವಿಧಾನಸಭೆಯ ಸಮಿತಿಯೊಂದು ವರದಿ ಕೊಟ್ಟಿತು. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿರುವ ಕಡೆ ಅವರಿಬ್ಬರಿಗೂ ಬಟ್ಟೆ ಅದಲುಬದಲು ಮಾಡಿಕೊಳ್ಳಲು ಒಂದು ಕಾಯಿದೆ ಮಾಡಿಸಿಕೊಳ್ಳಿ ಎಂಬ ಕುಚೋದ್ಯ ಅದರಲ್ಲಿತ್ತು. ನಾಲ್ಕು ವರ್ಷದ ನಂತರ, 1860ರ ಮಾರ್ಚಿನಲ್ಲಿ ಅದೇ ರಾಜ್ಯ ಕಾಯಿದೆ ಮಾಡಿತು: ಮದುವೆಯಾದ ಹೆಣ್ಣಿನ ಸಂಪಾದನೆ ಅವಳದೇ, ಮಕ್ಕಳ ಪಾಲನೆಯ ಹಕ್ಕು ತಾಯಿಗೂ ಸಮ. ಆದರೆ 1862ರಲ್ಲಿ, ಅಂತರ್ಯುದ್ಧದ ಗದ್ದಲದಲ್ಲಿ ಹೆಂಗಸರು ಅರ್ಜಿ ಚಳವಳಿ ನಿಲ್ಲಿಸಿದ್ದಾಗ, ಪಾಲನೆಯ ಹಕ್ಕನ್ನು ಸದ್ದಿಲ್ಲದೆ ಕಿತ್ತುಕೊಳ್ಳಲಾಯಿತು. ಯುದ್ಧ ಮುಗಿಯುವವರೆಗೆ ಹೆಂಗಸರ ವಿಷಯ ಬದಿಗಿಡೋಣ ಎಂದು ಸ್ನೇಹಿತರು ಹೇಳಿದಾಗ ಬೇಡವೆಂದವರು ಆಂಥನಿ ಒಬ್ಬರೇ. ಅವರ ಅನುಮಾನ ನಿಜವಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಗುಲಾಮಗಿರಿ ವಿರುದ್ಧ ನಿಜಕ್ಕೂ ಏನು ಮಾಡಿದರು?

ರಾಚೆಸ್ಟರಿನ ಅವರ ಜಮೀನಿನ ಮನೆಯಲ್ಲಿ ಭಾನುವಾರಗಳಂದು ಗುಲಾಮಗಿರಿ ವಿರೋಧಿಗಳು ಸೇರುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್ ಆ ಕೂಟದ ಒಬ್ಬರು. 1856ರಲ್ಲಿ ಆಂಥನಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘದ ನ್ಯೂಯಾರ್ಕ್ ರಾಜ್ಯದ ಪ್ರತಿನಿಧಿಯಾದರು, ವಾರಕ್ಕೆ 10 ಡಾಲರ್ ಸಂಬಳ. ಭಾಷಣಕಾರರ ತಂಡಗಳನ್ನು ಊರಿಂದೂರಿಗೆ ಕಳಿಸುವ ವೇಳಾಪಟ್ಟಿ ಹಾಕುವುದೇ ಮುಖ್ಯ ಕೆಲಸ.

1861ರ ಚಳಿಗಾಲದಲ್ಲಿ ‘ಗುಲಾಮರ ಒಡೆಯರ ಜೊತೆ ರಾಜಿ ಇಲ್ಲ’ ಎಂಬ ಘೋಷಣೆಯೊಂದಿಗೆ ತಿರುಗಿದ್ದು ಎಲ್ಲಕ್ಕಿಂತ ಅಪಾಯದ ಪ್ರವಾಸ. ಬಫಲೋದಿಂದ ಆಲ್ಬನಿಯವರೆಗೆ ಸಭೆ ಒಡೆಯಲು ಜನ ನುಗ್ಗಿದರು. ಸಿರಕ್ಯೂಸಿನಲ್ಲಿ ಕೊಳೆತ ಮೊಟ್ಟೆ ಎಸೆದು, ಅವರ ಪ್ರತಿಕೃತಿಯನ್ನು ಬೀದಿಯಲ್ಲಿ ಎಳೆದಾಡಿ ಸುಟ್ಟರು. ಆಲ್ಬನಿಯ ಮೇಯರ್ ಜಾರ್ಜ್ ಥ್ಯಾಚರ್ ಮಾತ್ರ ವೇದಿಕೆ ಮೇಲೆ ತೊಡೆಯ ಮೇಲೊಂದು ಪಿಸ್ತೂಲು ಇಟ್ಟುಕೊಂಡು ಕುಳಿತು ಸಭೆ ಮುಗಿಸಿಕೊಟ್ಟರು.

4 ಲಕ್ಷ ಸಹಿಯ ಅರ್ಜಿ ಎಂದರೆ ಯಾವುದು? ಅಷ್ಟು ಸಹಿ ಹೇಗೆ ಕೂಡಿತು?

1863ರ ಜನವರಿಯಲ್ಲಿ ಅಧ್ಯಕ್ಷ ಲಿಂಕನ್ ಹೊರಡಿಸಿದ ಗುಲಾಮರ ಬಿಡುಗಡೆಯ ಘೋಷಣೆ ಬಂಡೆದ್ದ ರಾಜ್ಯಗಳ ಗುಲಾಮರಿಗೆ ಮಾತ್ರ ಅನ್ವಯಿಸಿತ್ತು. ಯುದ್ಧ ಮುಗಿದ ಮೇಲೆ ಅದು ನಿಲ್ಲುತ್ತದೆಯೇ ಎಂಬ ಭಯವೂ ಇತ್ತು. ಸಂವಿಧಾನವನ್ನೇ ತಿದ್ದಬೇಕು ಎಂದು ಒತ್ತಾಯಿಸಲು 1863ರ ಮೇ 14ರಂದು ನ್ಯೂಯಾರ್ಕ್ ನಗರದಲ್ಲಿ ‘ವಿಮೆನ್ಸ್ ಲಾಯಲ್ ನ್ಯಾಷನಲ್ ಲೀಗ್’ ಹುಟ್ಟಿತು. ಸ್ಟ್ಯಾಂಟನ್ ಅಧ್ಯಕ್ಷೆ, ಆಂಥನಿ ಕಾರ್ಯದರ್ಶಿ. ಕೂಪರ್ ಇನ್‌ಸ್ಟಿಟ್ಯೂಟಿನ 20ನೇ ನಂಬರ್ ಕೋಣೆಯೇ ಕಚೇರಿ. ಕಾರ್ಯದರ್ಶಿಗೆ ವಾರಕ್ಕೆ 12 ಡಾಲರ್.

ಯಂತ್ರ ನಡೆಯುತ್ತಿದ್ದದ್ದು ಹೀಗೆ. ಖಾಲಿ ನಮೂನೆಗಳನ್ನು ಅಚ್ಚುಹಾಕಿಸಿ ಉತ್ತರದ ರಾಜ್ಯಗಳಿಗೆಲ್ಲ ಅಂಚೆಯಲ್ಲಿ ಕಳಿಸುವುದು. ಅಂಚೆ ಖರ್ಚೇ ದೊಡ್ಡ ತಲೆನೋವು. ಸೆನೆಟರ್ ಚಾರ್ಲ್ಸ್ ಸಮ್ನರ್ ಸಂಸದರಿಗಿದ್ದ ಉಚಿತ ಅಂಚೆಯ ಸೌಲಭ್ಯವನ್ನು ಇದಕ್ಕೆ ಬಳಸಿಕೊಟ್ಟರು. ಸುಮಾರು 2,000 ಜನ ಮನೆಮನೆ ತಿರುಗಿದರು. ಸಹಿ ಹಾಕಿದವರಿಂದ ಒಂದೊಂದು ಸೆಂಟ್ ಕೇಳಿ ಪಡೆಯುತ್ತಿದ್ದರು, ಕಾಗದ, ಅಚ್ಚಿನ ಖರ್ಚಿನ ಒಂದು ಭಾಗ ಅದರಿಂದಲೇ ಹುಟ್ಟುತ್ತಿತ್ತು. ನೂರು ಹೆಸರು ತಂದ ಮಕ್ಕಳಿಗೆ ಒಂದು ಬಿಲ್ಲೆ. ಗಂಡಸರ ಮತ್ತು ಹೆಂಗಸರ ಹೆಸರು ಬೇರೆ ಬೇರೆ ಎಣಿಸಲ್ಪಡುತ್ತಿದ್ದವು. ತುಂಬಿ ಬಂದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ರಾಜ್ಯವಾರು ಸುರುಳಿ ಸುತ್ತಿ, ಮೇಲೆ ಸಂಖ್ಯೆ ಬರೆದು ಕಟ್ಟುತ್ತಿದ್ದರು.

ಗುರಿ 10 ಲಕ್ಷ. ಅದು ಮುಟ್ಟಲಿಲ್ಲ. ಆದರೆ 1864ರ ಫೆಬ್ರುವರಿ 9ರಂದು ಇಬ್ಬರು ಎತ್ತರದ ಕಪ್ಪು ವರ್ಣೀಯರು ಮೊದಲ ಲಕ್ಷದ ಸುರುಳಿಗಳನ್ನು ಹೊತ್ತು ಸೆನೆಟ್ಟಿನೊಳಗೆ ಬಂದು ಸಮ್ನರ್ ಅವರ ಮೇಜಿನ ಮೇಲಿಟ್ಟರು. ಸಮ್ನರ್ ಓದಿದ ಲೆಕ್ಕ: ಗಂಡಸರು 34,399, ಹೆಂಗಸರು 65,601. ಬೇಸಿಗೆ ಮುಗಿಯುವಷ್ಟರಲ್ಲಿ ಒಟ್ಟು 4 ಲಕ್ಷದ ಹತ್ತಿರ ಬಂತು. ಗುಲಾಮಗಿರಿಯನ್ನು ರದ್ದುಮಾಡಿದ 13ನೇ ತಿದ್ದುಪಡಿ 1864ರ ಏಪ್ರಿಲ್ 8ರಂದು ಸೆನೆಟ್ಟಿನಲ್ಲಿ, 1865ರ ಜನವರಿ 31ರಂದು ಕೆಳಮನೆಯಲ್ಲಿ ಪಾಸಾಗಿ, ಡಿಸೆಂಬರಿನಲ್ಲಿ ಜಾರಿಗೆ ಬಂತು. ಅರ್ಜಿಯಿಂದಲೇ ಇದೆಲ್ಲ ಆಯಿತೆಂದರೆ ಅತಿಶಯೋಕ್ತಿ. ಆದರೂ ಟೆಲಿಫೋನೂ ಇಲ್ಲದ ಕಾಲದಲ್ಲಿ ಒಂದು ಕೋಣೆಯಿಂದ ಇಷ್ಟು ದೊಡ್ಡ ಜಾಲ ಕಟ್ಟಿದ್ದು, ನಮ್ಮ ಲೆಕ್ಕದಲ್ಲಿ, ಅವರ ಬದುಕಿನ ಅತ್ಯಂತ ಯಶಸ್ವೀ ಕೆಲಸ. ಜನ ನೆನಪಿಡುವುದು ಮಾತ್ರ 1872ರ ಮತವನ್ನು.

ಅಷ್ಟೆಲ್ಲ ಮಾಡಿದವರು ಕಪ್ಪು ಗಂಡಸರ ಮತದಾನವನ್ನು ವಿರೋಧಿಸಿದ್ದು ನಿಜವೇ?

15ನೇ ತಿದ್ದುಪಡಿಯನ್ನು ವಿರೋಧಿಸಿದ್ದು ನಿಜ, ಮುಚ್ಚಿಡುವಂಥದ್ದಲ್ಲ. 1868ರ 14ನೇ ತಿದ್ದುಪಡಿ ಮತದಾರರ ಮಾತು ಬಂದಲ್ಲಿ ‘ಪುರುಷ’ ಎಂಬ ಪದವನ್ನು ಮೊದಲ ಸಲ ಸಂವಿಧಾನಕ್ಕೆ ತಂದಿತು. 1870ರಲ್ಲಿ ಜಾರಿಯಾದ 15ನೆಯದು ಬಣ್ಣ, ಜನಾಂಗ, ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಮತ ನಿರಾಕರಿಸಬಾರದು ಎಂದಿತು, ಲಿಂಗದ ಮಾತೆತ್ತಲಿಲ್ಲ. ಇಬ್ಬರಿಗೂ ಒಟ್ಟಿಗೇ ಕೊಡಿ ಎಂಬುದು ಆಂಥನಿ, ಸ್ಟ್ಯಾಂಟನ್ ಅವರ ಹಟ. ಕಪ್ಪು ಗಂಡಸರಿಗೆ ಮತ ಎಂಬುದು ಜೀವ ಉಳಿಸಿಕೊಳ್ಳುವ ಪ್ರಶ್ನೆ, ಮೊದಲು ಅದಾಗಲಿ ಎಂಬುದು ಡಗ್ಲಸ್ ವಾದ. ಹಟದ ಭರದಲ್ಲಿ ಸ್ಟ್ಯಾಂಟನ್ ಆಡಿದ ಜನಾಂಗ ದ್ವೇಷದ ಮಾತುಗಳಿಗೆ ಸಮರ್ಥನೆ ಇಲ್ಲ. ಆಂಥನಿಯೂ ಆ ಕಡೆಯೇ ನಿಂತಿದ್ದರು. ಗುಲಾಮಗಿರಿಯ ಪರವಾಗಿ ಮಾತಾಡಿದ್ದ ಜಾರ್ಜ್ ಫ್ರಾನ್ಸಿಸ್ ಟ್ರೇನ್ ಎಂಬ ಹಣವಂತನ ಜೊತೆ 1867ರಲ್ಲಿ ಕ್ಯಾನ್ಸಸ್ ರಾಜ್ಯಕ್ಕೆ ಹೆಂಗಸರ ಮತದ ಪರ ಪ್ರಚಾರಕ್ಕೆ ಹೋದದ್ದು ಹಳೆಯ ಸ್ನೇಹಿತರನ್ನು ಇನ್ನಷ್ಟು ದೂರ ಮಾಡಿತು.

1869ರಲ್ಲಿ ಚಳವಳಿ ಎರಡಾಯಿತು. ಮೇ ತಿಂಗಳಲ್ಲಿ ಆಂಥನಿ, ಸ್ಟ್ಯಾಂಟನ್ ಅವರ ಸಂಘ, ನವೆಂಬರಿನಲ್ಲಿ 15ನೇ ತಿದ್ದುಪಡಿಯನ್ನು ಬೆಂಬಲಿಸಿದ ಲೂಸಿ ಸ್ಟೋನ್ ಬಳಗದ ಸಂಘ. ಮತ್ತೆ ಒಂದಾಗಲು 1890 ಆಗಬೇಕಾಯಿತು. ಡಗ್ಲಸ್ ಜೊತೆಗಿನ ಗೆಳೆತನ ಉಳಿಯಿತು, ಆದರೆ ಕಲೆಯೂ ಉಳಿಯಿತು. 1895ರಲ್ಲಿ ಅಟ್ಲಾಂಟದ ಸಮ್ಮೇಳನಕ್ಕೆ ದಕ್ಷಿಣದ ಬಿಳಿಯ ಹೆಂಗಸರು ಮುನಿಸಿಕೊಂಡಾರೆಂದು ಡಗ್ಲಸ್ ಅವರಿಗೆ ಬರಬೇಡಿ ಎಂದರು ಆಂಥನಿ. ಗುಂಪು ಹತ್ಯೆಗಳ ವಿರುದ್ಧ ಬರೆಯುತ್ತಿದ್ದ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಇದು ತಪ್ಪೆಂದು ಅವರ ಮುಖಕ್ಕೇ ಹೇಳಿದರು.

‘ದಿ ರೆವಲ್ಯೂಷನ್’ ಪತ್ರಿಕೆ ಮುಳುಗಿದ್ದೇಕೆ?

ಹೆಂಗಸರ ಹಕ್ಕಿಗಾಗಿ ಆಂಥನಿ, ಸ್ಟ್ಯಾಂಟನ್ 1868ರ ಜನವರಿ 8ರಂದು ಶುರುಮಾಡಿದ ವಾರಪತ್ರಿಕೆ ಅದು. ಹಣ ಕೊಡುವೆನೆಂದ ಟ್ರೇನ್ ಬೇಗನೆ ಕೈಬಿಟ್ಟ. ಜಾಹೀರಾತು ಸಾಲದು, ಚಂದಾ ಸಾಲದು, ಕಾಗದ ಮಾತ್ರ ಒಳ್ಳೆಯದೇ ಬೇಕು. 1870ರಲ್ಲಿ ಪತ್ರಿಕೆಯನ್ನು 1 ಡಾಲರಿಗೆ ಬಿಟ್ಟುಕೊಟ್ಟಾಗ 10,000 ಡಾಲರ್ ಸಾಲ ಆಂಥನಿಯ ತಲೆಗೆ ಬಂತು. ಭಾಷಣದ ಸಂಭಾವನೆಯಿಂದಲೇ ತೀರಿಸಿದರು. 1871 ಒಂದೇ ವರ್ಷದಲ್ಲಿ 13,000 ಮೈಲಿ ತಿರುಗಿ 171 ಭಾಷಣ ಮಾಡಿದರು. ಕೊನೆಯ ಕಂತು ಮುಗಿದದ್ದು 1876ರಲ್ಲಿ.

1872ರಲ್ಲಿ ಮತ ಹಾಕಿದ್ದು ಹೇಗೆ? ಪಟ್ಟಿಯಲ್ಲಿ ಹೆಸರು ಸೇರಿದ್ದಾದರೂ ಹೇಗೆ?

ವಾದ ಸರಳ. ಇಲ್ಲಿ ಹುಟ್ಟಿದವರೆಲ್ಲ ನಾಗರಿಕರು, ನಾಗರಿಕರ ಸೌಲಭ್ಯವನ್ನು ಯಾವ ರಾಜ್ಯವೂ ಮೊಟಕು ಮಾಡುವಂತಿಲ್ಲ ಎನ್ನುತ್ತದೆ 14ನೇ ತಿದ್ದುಪಡಿ. ಹೆಂಗಸರು ನಾಗರಿಕರೇ ತಾನೆ? ನವೆಂಬರ್ 1ರಂದು ಆಂಥನಿ ತಮ್ಮ ಸೋದರಿಯರನ್ನು ಕರೆದುಕೊಂಡು ರಾಚೆಸ್ಟರಿನ ಎಂಟನೇ ವಾರ್ಡಿನ ನೋಂದಣಿ ಕೇಂದ್ರಕ್ಕೆ ಹೋದರು. ಅದೊಂದು ಕ್ಷೌರದಂಗಡಿ. ತಿದ್ದುಪಡಿಯ ಪಾಠವನ್ನೂ ರಾಜ್ಯ ಸಂವಿಧಾನದ ಕಲಮನ್ನೂ ಓದಿ ಹೇಳಿದರು. ಅಧಿಕಾರಿಗಳು ಅಳುಕಿದಾಗ, ಹೆಸರು ಸೇರಿಸದಿದ್ದರೆ ನಿಮ್ಮ ಒಬ್ಬೊಬ್ಬರ ಮೇಲೂ ನಷ್ಟಪರಿಹಾರಕ್ಕೆ ದಾವೆ ಹೂಡುವೆ ಎಂದರು. ಮೂವರಲ್ಲಿ ಇಬ್ಬರು ಒಪ್ಪಿದರು. ಸುದ್ದಿ ಹಬ್ಬಿ ನಗರದಲ್ಲಿ ಸುಮಾರು 50 ಹೆಂಗಸರು ಹೆಸರು ಬರೆಸಿದರು. ಆದರೆ ಪತ್ರಿಕೆಗಳು ಅಧಿಕಾರಿಗಳನ್ನು ಜೈಲಿಗೆ ಕಳಿಸಿ ಎಂದು ಬರೆದದ್ದರಿಂದ ಮತದಾನದ ದಿನವಾದ ನವೆಂಬರ್ 5ರಂದು ಉಳಿದ ವಾರ್ಡುಗಳಲ್ಲಿ ಹೆಂಗಸರಿಗೆ ಬಾಗಿಲು ಮುಚ್ಚಿತು. ಮತ ಹಾಕಲಾದದ್ದು ಆಂಥನಿ ಮತ್ತು ಅವರ ವಾರ್ಡಿನ 14 ಹೆಂಗಸರಿಗೆ. ಇವರ ಮತ ಆಗಿನ ಅಧ್ಯಕ್ಷ ಗ್ರಾಂಟ್ ಅವರ ರಿಪಬ್ಲಿಕನ್ ಪಕ್ಷಕ್ಕೆ.

ನವೆಂಬರ್ 18ರಂದು ಬಂಧಿಸಲು ಉಪ ಮಾರ್ಷಲ್ ಮನೆಗೆ ಬಂದ. ಸಂಕೋಚದಿಂದ, ತಾವೇ ಕಚೇರಿಗೆ ಬಂದರಾಯಿತು ಎಂದ. ಗಂಡಸನ್ನು ಹಿಡಿಯುವಂತೆಯೇ ಹಿಡಿಯಿರಿ ಎಂದು ಇವರು ಬೇಡಿಗಾಗಿ ಕೈ ಚಾಚಿದರು. ಬೇಡಿ ಮಾತ್ರ ಹಾಕಲಿಲ್ಲ.

ಮೊಕದ್ದಮೆಯಲ್ಲಿ ಸೋತದ್ದು ಎಲ್ಲಿ?

ಮೂರು ಕಡೆ, ಮತ್ತು ಒಂದೂ ವಾದದ ಬಲದ ಮೇಲೆ ಅಲ್ಲ.

ಮೊದಲನೆಯದು ಜಾಮೀನು. ಅದನ್ನು ನಿರಾಕರಿಸಿ ಬಂಧನದಲ್ಲೇ ಉಳಿದರೆ ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಕೋರ್ಟನ್ನು ಕೇಳುವ ಅರ್ಜಿ) ಮೂಲಕ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದಿತ್ತು, ಅದೇ ಅವರ ಯೋಜನೆ. ಮೊತ್ತ 1,000 ಡಾಲರ್ ಎಂದಾದಾಗ ಅವರ ವಕೀಲ ಹೆನ್ರಿ ಸೆಲ್ಡನ್, ಹೆಂಗಸೊಬ್ಬರು ಜೈಲಿಗೆ ಹೋಗುವುದನ್ನು ನೋಡಲಾರೆ ಎಂದು ತಾವೇ ಕಟ್ಟಿಬಿಟ್ಟರು. ಸಜ್ಜನಿಕೆಯಿಂದ ಮಾಡಿದ್ದು, ದಾರಿ ಮುಚ್ಚಿಹೋಯಿತು.

ಎರಡನೆಯದು ಜ್ಯೂರಿ, ಅಂದರೆ ತಪ್ಪು ಸರಿ ತೀರ್ಮಾನಿಸಲು ಸಾಮಾನ್ಯ ಜನರಿಂದ ಆಯ್ದ ತಂಡ. ವಿಚಾರಣೆಗೆ ಮುನ್ನ ಆಂಥನಿ ರಾಚೆಸ್ಟರ್ ಇರುವ ಮನ್ರೋ ಕೌಂಟಿಯ 29 ಊರುಗಳಲ್ಲಿ ತಮ್ಮ ವಾದವನ್ನು ಜನರ ಮುಂದಿಟ್ಟರು. ಜ್ಯೂರಿಯ ಮನಸ್ಸು ಕೆಟ್ಟಿತೆಂದು ಸರ್ಕಾರಿ ವಕೀಲರು ಮೊಕದ್ದಮೆಯನ್ನು ಪಕ್ಕದ ಕೌಂಟಿಯ ಕ್ಯಾನಂಡೈಗ್ವಾಕ್ಕೆ ಸಾಗಿಸಿದರು. ಅಲ್ಲಿಯೂ ಇವರು 21 ಸಭೆ, ಗೆಳತಿ ಮಟಿಲ್ಡಾ ಜಾಸ್ಲಿನ್ ಗೇಜ್ 16 ಸಭೆ ನಡೆಸಿದರು. ಇಷ್ಟು ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತು. 1873ರ ಜೂನ್ 17ರಂದು ಶುರುವಾದ ವಿಚಾರಣೆಯಲ್ಲಿ ನ್ಯಾಯಮೂರ್ತಿ ವಾರ್ಡ್ ಹಂಟ್, ವಾದ ಮುಗಿದೊಡನೆ, ಮೊದಲೇ ಬರೆದು ತಂದಿದ್ದ ತೀರ್ಪು ಓದಿ, ಜ್ಯೂರಿಗೆ ಯೋಚಿಸಲೂ ಬಿಡದೆ ಅಪರಾಧಿ ಎಂದು ಘೋಷಿಸಲು ಆಜ್ಞೆ ಮಾಡಿದರು. ಆಂಥನಿ ತಮ್ಮ ಪರ ತಾವೇ ಸಾಕ್ಷಿ ಹೇಳಲೂ ಅವಕಾಶವಿರಲಿಲ್ಲ.

ಮೂರನೆಯದು ದಂಡ: 100 ಡಾಲರ್ ಮತ್ತು ಖರ್ಚು. ಒಂದು ಡಾಲರನ್ನೂ ಕೊಡುವುದಿಲ್ಲ ಎಂದು ಕೋರ್ಟಿನಲ್ಲೇ ಹೇಳಿದರು. ದಂಡ ಕಟ್ಟುವವರೆಗೆ ಜೈಲು ಎಂದು ನ್ಯಾಯಮೂರ್ತಿ ಆಜ್ಞೆ ಮಾಡಿದ್ದರೆ ಮತ್ತೆ ಮೇಲಿನ ಕೋರ್ಟಿಗೆ ದಾರಿ ತೆರೆಯುತ್ತಿತ್ತು. ಹಂಟ್ ಜಾಣತನದಿಂದ ಆ ಆಜ್ಞೆ ಮಾಡಲಿಲ್ಲ.

ದಂಡ ಕಟ್ಟಿದರೇ?

ಇಲ್ಲ. ಜೈಲು ಕಂಡವರು ಅವರ ಮತ ಸ್ವೀಕರಿಸಿದ ಅಧಿಕಾರಿಗಳು. ತಲಾ 25 ಡಾಲರ್ ದಂಡ ಕಟ್ಟದ್ದಕ್ಕೆ 1874ರಲ್ಲಿ ಕೆಲವು ದಿನ ಒಳಗಿದ್ದರು. ಮತ ಹಾಕಿದ ಹೆಂಗಸರು ಊಟ ಹೊತ್ತು ಕೊಟ್ಟರು. ಕೊನೆಗೆ ಅಧ್ಯಕ್ಷ ಗ್ರಾಂಟ್ ಕ್ಷಮೆ ನೀಡಿ ಬಿಡಿಸಿದರು. 2020ರ ಆಗಸ್ಟ್ 18ರಂದು ಅಧ್ಯಕ್ಷ ಟ್ರಂಪ್ ಆಂಥನಿಗೂ ಕ್ಷಮೆ ಘೋಷಿಸಿದರು. ರಾಚೆಸ್ಟರಿನ ಆಂಥನಿ ಮ್ಯೂಸಿಯಂ ಅದನ್ನು ಒಪ್ಪಲಿಲ್ಲ. ಕ್ಷಮೆ ಪಡೆದರೆ ಆ ವಿಚಾರಣೆಯೇ ನ್ಯಾಯಬದ್ಧವಾಗಿತ್ತು ಎಂದು ಒಪ್ಪಿದಂತಾಗುತ್ತದೆ ಎಂಬುದು ಅದರ ನಿಲುವು.

ಹೆಂಗಸರಿಗೆ ಮತದ ಹಕ್ಕು ಕೊಟ್ಟ 19ನೇ ತಿದ್ದುಪಡಿ ಅವರ ಕಾಲದಲ್ಲೇ ಬಂತೇ?

ಇಲ್ಲ. 1875ರಲ್ಲಿ ಸುಪ್ರೀಂ ಕೋರ್ಟ್, ನಾಗರಿಕತ್ವದ ಜೊತೆ ಮತದ ಹಕ್ಕು ತಾನಾಗಿ ಬರುವುದಿಲ್ಲ ಎಂದು ಬೇರೊಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಮೇಲೆ ಹೊಸ ತಿದ್ದುಪಡಿಯೇ ಗತಿಯಾಯಿತು. 1878ರ ಜನವರಿಯಲ್ಲಿ ಸೆನೆಟರ್ ಆರನ್ ಸಾರ್ಜೆಂಟ್ ಮಂಡಿಸಿದರು. 1887ರಲ್ಲಿ ಸೆನೆಟ್ 34ಕ್ಕೆ 16ರಂತೆ ತಳ್ಳಿಹಾಕಿತು. ಆಂಥನಿ 1906ರ ಮಾರ್ಚ್ 13ರಂದು ತೀರಿಕೊಂಡಾಗ ಹೆಂಗಸರಿಗೆ ಪೂರ್ಣ ಮತ ಇದ್ದದ್ದು ವಯೋಮಿಂಗ್, ಕೊಲರಾಡೊ, ಯೂಟಾ, ಐಡಹೊ ಎಂಬ ನಾಲ್ಕೇ ರಾಜ್ಯಗಳಲ್ಲಿ. ಜಾರಿಗೆ ಬೇಕಿದ್ದ 36ನೇ ರಾಜ್ಯವಾಗಿ ಟೆನೆಸಿ ಒಪ್ಪಿಗೆ ಕೊಟ್ಟದ್ದು 1920ರ ಆಗಸ್ಟ್ 18ರಂದು. ಅದರ ನಂತರವೂ ದಕ್ಷಿಣದ ಕಪ್ಪು ಹೆಂಗಸರನ್ನು ತೆರಿಗೆ, ಅಕ್ಷರ ಪರೀಕ್ಷೆಗಳ ನೆಪದಲ್ಲಿ ಹೊರಗಿಟ್ಟರು. ಅದು 1965ರ ಮತದಾನದ ಹಕ್ಕಿನ ಕಾಯಿದೆಯವರೆಗೂ ನಡೆಯಿತು.

ಕನ್ನಡ ನಾಡಿಗೆ ಇದರ ನಂಟೇನಾದರೂ ಇದೆಯೇ?

ನೇರ ನಂಟಿಲ್ಲ. ಕಾಲ ಮಾತ್ರ ಹತ್ತಿರ. ಮದ್ರಾಸ್ ಶಾಸನಸಭೆ 1921ರಲ್ಲಿ ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗೆ ಮತ ಕೊಟ್ಟಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿದ್ದವು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದೇ ಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು.

ಅವರ ಚಿತ್ರವಿರುವ ನಾಣ್ಯ ಈಗ ಏಕೆ ಕಾಣುವುದಿಲ್ಲ?

1979ರಲ್ಲಿ ಹೊರಬಂದ ಆ 1 ಡಾಲರ್ ನಾಣ್ಯ, ನಿಜವಾದ ಮಹಿಳೆಯೊಬ್ಬರ ಮುಖವಿದ್ದ ಅಮೆರಿಕದ ಮೊದಲ ಚಲಾವಣೆ ನಾಣ್ಯ. ವ್ಯಾಸ 26.5 ಮಿ.ಮೀ. ಕಾಲು ಡಾಲರ್ ನಾಣ್ಯ 24.3 ಮಿ.ಮೀ. ಬಣ್ಣವೂ ಒಂದೇ, ಅಂಚಿನ ಗೀರೂ ಒಂದೇ. ಒಳಗೆ ಹನ್ನೊಂದು ಮೂಲೆಯ ಚೌಕಟ್ಟು ಇತ್ತಾದರೂ ಜೇಬಿನೊಳಗೆ ಕೈಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಂಗಡಿಯವರು ಕಾಲು ಡಾಲರೆಂದು ಕೊಟ್ಟು ನಷ್ಟಪಟ್ಟು ಬೇಡವೆಂದರು. ಕಾಗದದ 1 ಡಾಲರ್ ನೋಟನ್ನೂ ಸರ್ಕಾರ ಹಿಂತೆಗೆಯಲಿಲ್ಲ. 1981ಕ್ಕೆ ಟಂಕಿಸುವುದು ನಿಂತಿತು, 1999ರಲ್ಲಿ ಮಾತ್ರ ಇನ್ನೊಂದು ಕಂತು ಬಂತು.

ರಾಚೆಸ್ಟರಿಗೆ ಹೋದರೆ ಏನು ನೋಡಬಹುದು?

ಮ್ಯಾಡಿಸನ್ ಬೀದಿಯ 17ನೇ ನಂಬರ್ ಮನೆ, ಈಗ ಮ್ಯೂಸಿಯಂ. ಅವರನ್ನು ಬಂಧಿಸಿದ್ದು ಅಲ್ಲೇ, ಅವರು ತೀರಿಕೊಂಡದ್ದೂ ಅಲ್ಲೇ. ಸಮಾಧಿ ಮೌಂಟ್ ಹೋಪ್ ಸ್ಮಶಾನದಲ್ಲಿದೆ, ಡಗ್ಲಸ್ ಅವರದೂ ಅದೇ ಸ್ಮಶಾನದಲ್ಲಿ. ಚುನಾವಣೆಯ ದಿನ ಹೋದರೆ ಮತ ಹಾಕಿ ಬಂದವರು ತಮ್ಮ ‘ನಾನು ಮತ ಹಾಕಿದೆ’ ಸ್ಟಿಕ್ಕರುಗಳನ್ನು ಆಂಥನಿ ಸಮಾಧಿಯ ಬಿಳಿ ಕಲ್ಲಿಗೆ ಅಂಟಿಸಿ ಹೋಗುವುದನ್ನು ಕಾಣಬಹುದು. ಅಂಟಿನಿಂದ ಅಮೃತಶಿಲೆ ಹಾಳಾಗುತ್ತದೆಂದು ಈಗ ಕಲ್ಲಿಗೆ ಪಾರದರ್ಶಕ ಹೊದಿಕೆ ಹಾಕುತ್ತಾರೆ. ಅಂಟಿಸುವುದಾದರೆ ಅದರ ಮೇಲೆ ಅಂಟಿಸಿ.